ಹೊಲದಲ್ಲಿರುವ ಕ್ಯಾಲ್ಸಿಯಂ ನಿಮ್ಮ ತಟ್ಟೆಯಲ್ಲಿದೆಯೇ?



ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಮುಗಿದ ಹೊಲಕ್ಕೆ ರಾಗಿ ಬಿತ್ತುವವರಿದ್ದಾರೆ. ಎಚ್.ಡಿ. ಕೋಟೆಯಲ್ಲಿ ರಾಗಿ, ಹುರುಳಿ ಬೆಳೆಯುತ್ತಾರೆ. ಕೆ.ಆರ್. ನಗರದ ಗದ್ದೆ ಬಯಲಿನ ಹಳ್ಳಿಗಳಲ್ಲೂ ಹಾಲಿನ ಡೇರಿಗಳಿವೆ. ವರ್ಷದ ಹೆಚ್ಚಿನ ದಿನ ಒಳ್ಳೆಯ ಬಿಸಿಲಿದೆ. ಇಷ್ಟೆಲ್ಲ ಇದ್ದರೂ ನಿಮ್ಮ ಮೂಳೆಗಳಿಗೆ ಬೇಕಾದ ಕ್ಯಾಲ್ಸಿಯಂ ಮತ್ತು ವಿಟಮಿನ್ ‘ಡಿ’ ಸಿಗುತ್ತಿದೆಯೇ? ಲೆಕ್ಕ ಹಾಕಿ ನೋಡೋಣ.

ನಮ್ಮ ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದ ಸ್ವಲ್ಪ ಭಾಗ ಹೃದಯ ಬಡಿಯಲು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕು. ಈ ಕೆಲಸಗಳು ನಿಲ್ಲುವಂತಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ದೇಹವು ಮೂಳೆಯಿಂದಲೇ ಅದನ್ನು ತೆಗೆದು ರಕ್ತಕ್ಕೆ ಕೊಡುತ್ತದೆ. ಹಾಗಾಗಿ ಮೂಳೆ ಒಂದು ಉಳಿತಾಯ ಖಾತೆ ಇದ್ದಂತೆ. ಇದಕ್ಕೆ ಅತಿ ವೇಗವಾಗಿ ಜಮಾ ಆಗುವುದು ಹುಡುಗಿಯರಲ್ಲಿ ಸುಮಾರು 12ನೇ ವಯಸ್ಸಿನಲ್ಲಿ, ಹುಡುಗರಲ್ಲಿ ಸುಮಾರು 14ನೇ ವಯಸ್ಸಿನಲ್ಲಿ. 20 ವರ್ಷ ತುಂಬುವಷ್ಟರಲ್ಲಿ ಬಹುಪಾಲು ಜಮಾ ಮುಗಿದಿರುತ್ತದೆ. ಮುಪ್ಪಿನಲ್ಲಿ ಖರ್ಚಾಗುವುದು ಈ ಗಂಟೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನ ಪ್ರಕಾರ 10ರಿಂದ 12 ವರ್ಷದವರಿಗೆ ದಿನಕ್ಕೆ 850 ಮಿ.ಗ್ರಾಂ., 13ರಿಂದ 15 ವರ್ಷದವರಿಗೆ 1000 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 350 ಮಿ.ಗ್ರಾಂ. ಇದೆ. ಅಷ್ಟೇ ತೂಕದ ಅಕ್ಕಿಯಲ್ಲಿ ಇರುವುದು ಹೆಚ್ಚೆಂದರೆ 10 ಮಿ.ಗ್ರಾಂ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಗೂ ರಾಗಿಗೂ ಜಗಳವಾಗಿ ರಾಗಿ ಗೆಲ್ಲುತ್ತದೆ. ಕ್ಯಾಲ್ಸಿಯಂ ಲೆಕ್ಕದಲ್ಲೂ ಗೆಲುವು ರಾಗಿಯದೇ!

ಶಾಲೆಯಲ್ಲಿ ಹಾಲು ಕೊಡುತ್ತಾರಲ್ಲ ಎನ್ನುತ್ತೀರಾ? ನಿಜ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಆರಂಭವಾಯಿತು. 2024ರಲ್ಲಿ ಅದಕ್ಕೆ ರಾಗಿ ಮಾಲ್ಟ್ ಕೂಡ ಸೇರಿತು. ಅದನ್ನು ಚೆಲ್ಲದೆ ಕುಡಿಯಿರಿ. ಆದರೆ 150 ಮಿ.ಲೀ. ಹಾಲಿನಲ್ಲಿರುವುದು ಸುಮಾರು 180 ಮಿ.ಗ್ರಾಂ. ಮಾತ್ರ. ರಜೆಯ ದಿನ ಅದೂ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇದು: ಹಾಲನ್ನು ಡೇರಿಗೆ ಒಯ್ಯುವ ಮುನ್ನ ಮನೆಯ ಪ್ರತಿ ಮಗುವಿಗೂ ಒಂದು ಲೋಟ ತೆಗೆದಿಡಬೇಕು. ಹಾಲಿನ ದುಡ್ಡಿನಿಂದಲೇ ಹಸುವಿಗೆ ಬೂಸಾ, ನಿಮಗೆ ನೋಟ್‌ಪುಸ್ತಕ ಬರುತ್ತವೆ ಎಂಬುದು ನನಗೆ ಗೊತ್ತು. ಹಾಲು ಮಾರಬೇಡಿ ಎಂದು ನಾನು ಹೇಳುತ್ತಿಲ್ಲ. ಒಂದು ಮುದ್ದೆ, ಶಾಲೆಯ ಲೋಟ, ಮನೆಯ ಲೋಟ ಸೇರಿದರೆ 710 ಮಿ.ಗ್ರಾಂ. ಆಯಿತು. ಉಳಿದದ್ದನ್ನು ನುಗ್ಗೆಸೊಪ್ಪು, ಹುರುಳಿ ಸಾರು, ಹುಚ್ಚೆಳ್ಳು ಚಟ್ನಿ, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ತುಂಬಿಕೊಡುತ್ತವೆ. ಹಸು ಇಲ್ಲದ ಮನೆಯವರಿಗೆ ಇವೇ ಆಧಾರ.

ಆದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರಲು ವಿಟಮಿನ್ ‘ಡಿ’ ಬೇಕು. ಅದು ಕಡಿಮೆಯಾದರೆ ಎಳೆಯ ಮೂಳೆಗಳು ಮೆತ್ತಗಾಗಿ ಕಾಲು ಬಾಗುತ್ತದೆ. ಇದೇ ರಿಕೆಟ್ಸ್ ರೋಗ. 1919ರಲ್ಲಿ ಜರ್ಮನಿಯ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ಈ ರೋಗವಿದ್ದ ಮಕ್ಕಳ ಮೈಮೇಲೆ ನೇರಳಾತೀತ ದೀಪದ ಬೆಳಕು ಬೀಳಿಸಿ ಗುಣಪಡಿಸಿದರು. ಆ ಕಿರಣಗಳನ್ನು ಸೂರ್ಯ ನಮಗೆ ಪುಕ್ಕಟೆ ಕೊಡುತ್ತಾನೆ. ಅವು ತಾಗಿದಾಗ ಚರ್ಮವೇ ವಿಟಮಿನ್ ‘ಡಿ’ ತಯಾರಿಸುತ್ತದೆ. ಮುಚ್ಚಿದ ಕಿಟಕಿಯ ಗಾಜು ಅವನ್ನು ತಡೆಯುತ್ತದೆ.

ಎಳೆಬಿಸಿಲೇ ಇದಕ್ಕೆ ಒಳ್ಳೆಯದು ಎಂದು ಹಲವರು ನಂಬಿದ್ದಾರೆ. ಒಂದು ಪರೀಕ್ಷೆ ಮಾಡಿ ನೋಡಿ. ಬೆಳಿಗ್ಗೆ 8, 10 ಮತ್ತು ಮಧ್ಯಾಹ್ನ 12 ಗಂಟೆಗೆ ನಿಮ್ಮ ನೆರಳನ್ನು ಅಳೆಯಿರಿ. ನೆರಳು ನಿಮಗಿಂತ ಉದ್ದವಾಗಿದ್ದಾಗ ಆ ಕಿರಣಗಳು ವಾತಾವರಣದಲ್ಲೇ ಬಹುಪಾಲು ತಡೆಯಲ್ಪಡುತ್ತವೆ. ನಿಮಗಿಂತ ಗಿಡ್ಡವಾಗಿದ್ದಾಗ ಚೆನ್ನಾಗಿ ತಲುಪುತ್ತವೆ. ಆಗ ಕೈಕಾಲಿಗೆ ಬಿಸಿಲು ಬೀಳುವಂತೆ 15-20 ನಿಮಿಷ ಆಡಿ, ನಂತರ ನೆರಳಿಗೆ ಬನ್ನಿ. ಸೂರ್ಯನನ್ನು ನೇರವಾಗಿ ನೋಡಬೇಡಿ. ಕಡು ಬೇಸಿಗೆಯ ನಡುಮಧ್ಯಾಹ್ನ ಬೇಡ, ಹತ್ತು ಗಂಟೆಯ ಬಿಸಿಲೇ ಸಾಕು. ಓಡುವುದು, ಜಿಗಿಯುವುದು ಮೂಳೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಆರು, ಏಳನೇ ತರಗತಿಗೆ ಬಂದ ಹುಡುಗಿಯರನ್ನು ‘ಬಿಸಿಲಿಗೆ ಕಪ್ಪಾಗುತ್ತೀಯ’, ‘ದೊಡ್ಡವಳಾದೆ, ಆಟ ಸಾಕು’ ಎಂದು ಒಳಗೆ ಕೂರಿಸುವುದುಂಟು. ಅವರ ಮೂಳೆಗೆ ಅತಿ ಹೆಚ್ಚು ಜಮಾ ಆಗುವ ವಯಸ್ಸು ಸರಿಯಾಗಿ ಅದೇ! ಹುಡುಗರೇ, ಮೈದಾನದಲ್ಲಿ ಅವರಿಗೂ ಜಾಗ ಬಿಡಿ. ಹುಡುಗಿಯರೇ, ನಿಮ್ಮ ಆಟದ ಅವಧಿಯನ್ನು ಬಿಟ್ಟುಕೊಡಬೇಡಿ.

ಇಂದು ಸಂಜೆ ಈ ಲೆಕ್ಕವನ್ನು ನೋಟ್‌ಪುಸ್ತಕದಲ್ಲಿ ಬರೆದು ಅಪ್ಪ, ಅವ್ವನಿಗೆ ತೋರಿಸಿ. ಹಾಲಿನ ಕ್ಯಾನಿನ ಪಕ್ಕದಲ್ಲಿ ನಿಮ್ಮ ಲೋಟವನ್ನೂ ಇಡಿ.