ಗುತ್ತಿಗೆದಾರನ ಬಾಕಿ, ತವರಿನ ತಲೆಗೆ

1961ರಲ್ಲಿ ನಮ್ಮ ಸಂಸತ್ತು ಹೆಣ್ಣುಮಕ್ಕಳಿಗಾಗಿ ಎರಡು ಕಾಯ್ದೆಗಳನ್ನು ಮಾಡಿತು. ಒಂದು ವರದಕ್ಷಿಣೆ ನಿಷೇಧ ಕಾಯ್ದೆ, ಇನ್ನೊಂದು ಹೆರಿಗೆ ಸೌಲಭ್ಯ ಕಾಯ್ದೆ. ಮೊದಲನೆಯದು ನಮಗೆಲ್ಲ ಗೊತ್ತು. ಅದಕ್ಕಾಗಿ ಬೀದಿ ನಾಟಕ ಆಡಿದ್ದೇವೆ, ಪೊಲೀಸ್ ಠಾಣೆಯ ಮುಂದೆ ಕೂತಿದ್ದೇವೆ. ಎರಡನೆಯದರ ಮಾತು ತೆಗೆದರೆ ಮಾತ್ರ, "ಅದು ಸರ್ಕಾರಿ ನೌಕರಿಯವರಿಗೆ ಬಿಡ್ರಿ" ಎನ್ನುತ್ತಾರೆ. ಈ ಮಾತು ಸುಳ್ಳು. ಈ ಸುಳ್ಳಿನಿಂದಲೇ ವರದಕ್ಷಿಣೆ ಹಿತ್ತಲ ಬಾಗಿಲಿನಿಂದ ಮತ್ತೆ ಮನೆಯೊಳಗೆ ಬರುತ್ತಿದೆ ಎಂಬುದು ನನ್ನ ವಾದ.

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು, ಈ ಮೂರೂ ಕಡೆಯ ಸ್ವಸಹಾಯ ಸಂಘಗಳ ಲೆಕ್ಕದ ಪುಸ್ತಕಗಳನ್ನು ನಾನು ನೋಡುತ್ತೇನೆ. ಸಾಲ ಯಾತಕ್ಕೆ ಎಂದು ಬರೆಯುವ ಜಾಗದಲ್ಲಿ ಬೀಜ, ಗೊಬ್ಬರ, ಎಮ್ಮೆ, ಮಕ್ಕಳ ಫೀಸು ಎಂದೆಲ್ಲ ಇರುತ್ತದೆ. ಅವುಗಳ ನಡುವೆ ಮತ್ತೆ ಮತ್ತೆ ಕಾಣುವ ಮಾತುಗಳು ಇವು: ಮಗಳ ಬಾಣಂತನ, ತೊಟ್ಟಿಲ ಕಾರ್ಯ. ಸಾಲ ಎತ್ತಿದವಳು ತಾಯಿ. ಮಗಳಾದರೂ ಸುಮ್ಮನೆ ಕೂತು ಉಂಡವಳಲ್ಲ. ಒಬ್ಬಳು ಬಳ್ಳಾರಿಯ ಜೀನ್ಸ್ ಶೆಡ್ಡಿನಲ್ಲಿ ಹೊಲಿಯುತ್ತಿದ್ದಳು. ಒಬ್ಬಳು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿದ್ದಳು. ಇನ್ನೊಬ್ಬಳು ಕುರುಗೋಡಿನಿಂದ ದಿನಾ ಬಸ್ಸು ಹತ್ತಿ ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಬರುತ್ತಿದ್ದಳು. ಎಲ್ಲರೂ ದುಡಿಯುತ್ತಿದ್ದವರೇ. ಆದರೆ ಅವರ ಹೆಸರು ದುಡಿದ ಜಾಗದ ಹಾಜರಿಯಲ್ಲಿಲ್ಲ, ಏಜೆನ್ಸಿಯ ಪುಸ್ತಕದಲ್ಲಿದೆ. ಎಷ್ಟೋ ಸಲ ಅಲ್ಲಿಯೂ ಇಲ್ಲ.

ಆಸ್ಪತ್ರೆಯೊಂದರಲ್ಲಿ ಏಜೆನ್ಸಿ ಮೂಲಕ ನೆಲ ಒರೆಸುವ ಕೆಲಸಕ್ಕಿದ್ದ ಒಬ್ಬ ತಂಗಿ ನಮ್ಮ ಸಂಘದವಳು. ಏಳು ತಿಂಗಳಾದಾಗ ಸೂಪರ್‌ವೈಸರ್, "ಹೋಗಿ ಹಡೆದು ಬಾರಮ್ಮ, ಜಾಗ ಇದ್ದರೆ ನೋಡೋಣ" ಎಂದ. ಆಸ್ಪತ್ರೆಯವರನ್ನು ಕೇಳಿದರೆ "ನೀನು ಏಜೆನ್ಸಿಯವಳು" ಎಂದರು. ಏಜೆನ್ಸಿಯವನು "ಆಸ್ಪತ್ರೆಯವರು ಬಿಲ್ಲಿನಲ್ಲಿ ಅದನ್ನು ಕೊಡುವುದಿಲ್ಲ" ಎಂದ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇಲ್ಲಿ ಗಾದೆಯಾಗಿ ಉಳಿಯಲಿಲ್ಲ, ನಿಜವಾಗಿಯೇ ಕೂಸು ಬಡವಾಯಿತು.

ಮುಂದೆ ಆದದ್ದು ಮನೆಯೊಳಗೆ. ಮದುವೆಯಲ್ಲಿ ಗಂಡಿನವರು ಬಂಗಾರ ಕೇಳಿರಲಿಲ್ಲ. ಹುಡುಗಿ ದುಡಿಯುತ್ತಾಳೆ, ತಿಂಗಳ ಪಗಾರ ತರುತ್ತಾಳೆ ಎಂಬುದೇ ಕಾರಣ. ಪಗಾರ ನಿಂತ ತಿಂಗಳಿನಿಂದ ಅತ್ತೆಯ ಮಾತು ಬದಲಾಯಿತು: "ದುಡಿಯಾಕಿ ಅಂತ ಏನೂ ಕೇಳದಂಗ ಮಾಡ್ಕೊಂಡ್ವಿ. ಈಗ ನಿಮ್ಮವ್ವಗ ಹೇಳು." ತೊಟ್ಟಿಲಿಗೆ ಬೆಳ್ಳಿ ಉಡದಾರ ಬಂತು, ಅಳಿಯನಿಗೆ ಬಟ್ಟೆ ಬಂತು, ಆಮೇಲೆ ಗಾಡಿಯ ಕಂತು ಕಟ್ಟಲು ದುಡ್ಡೂ ತವರಿನಿಂದ ಬರಬೇಕಾಯಿತು. ಕೊಡಲು ತಡವಾದ ತಿಂಗಳು ಹಸಿ ಬಾಣಂತಿಯ ಮೇಲೆ ಕೈ ಎದ್ದಿತು. ಹೊಡೆದವನು ಗಂಡ, ಅದರಲ್ಲಿ ಅನುಮಾನವಿಲ್ಲ. ಆದರೆ ಹೊಡೆತಕ್ಕೆ ನೆವ ಒದಗಿಸಿದ್ದು ಗುತ್ತಿಗೆದಾರ ಕೊಡದೆ ಉಳಿಸಿಕೊಂಡ ದುಡ್ಡು.

ಈಗ ಕಾಯ್ದೆ ಏನು ಹೇಳುತ್ತದೆ ನೋಡೋಣ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ "ಮಹಿಳೆ" ಎಂದರೆ ನೇರವಾಗಿ ಅಥವಾ ಯಾವುದೇ ಏಜೆನ್ಸಿಯ ಮೂಲಕ ಕೂಲಿಗೆ ನೇಮಕವಾದವಳು ಎಂದು ಬರೆದಿತ್ತು. ಆ ಕಾಯ್ದೆ 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋಗಿದೆ. ಹೆಸರು ಬದಲಾಗಿದೆ, ಹಕ್ಕು ಹೋಗಿಲ್ಲ. ಗುತ್ತಿಗೆದಾರನ ಮೂಲಕ ಬಂದವಳೂ ನೌಕರಳೇ ಎಂದು ಈ ಸಂಹಿತೆಯೂ ಹೇಳುತ್ತದೆ. ಹೆರಿಗೆಯ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು, ಸಂಬಳ ಸಹಿತ 26 ವಾರಗಳ ರಜೆ ಅವಳದು. ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಆಗಲೇ ಇಬ್ಬರು ಮಕ್ಕಳಿದ್ದರೆ ರಜೆ 12 ವಾರ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ.

ಇ.ಎಸ್.ಐ. ಇದ್ದವಳಿಗೆ ಈ ಹಣವನ್ನು ಮಾಲೀಕ ಕೊಡಬೇಕಿಲ್ಲ, ಇ.ಎಸ್.ಐ. ನಿಗಮವೇ ಕೊಡುತ್ತದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರಲ್ಲಿ ಬರುತ್ತಾರೆ. ಸ್ವಲ್ಪ ಲೆಕ್ಕ ಹಾಕಿ. ಸಂಬಳ 12,000 ಎಂದಿಟ್ಟುಕೊಳ್ಳಿ. ನಿಮ್ಮ ಪಾಲಿನ ವಂತಿಗೆ ನೂರಕ್ಕೆ ಮುಕ್ಕಾಲು ರೂಪಾಯಿಯಂತೆ 90 ರೂಪಾಯಿ. ಮಾಲೀಕನ ಪಾಲು ನೂರಕ್ಕೆ ಮೂರೂಕಾಲು ರೂಪಾಯಿಯಂತೆ 390. ಎರಡೂ ಸೇರಿ 480. ಇದನ್ನು ಕಟ್ಟದೆ ನುಂಗಿದ ಗುತ್ತಿಗೆದಾರನಿಂದಾಗಿ ಬಾಣಂತಿಗೆ ಆರು ತಿಂಗಳಲ್ಲಿ ಹೋಗುವುದು ಸುಮಾರು 72,000 ರೂಪಾಯಿ. ಆ ಎಪ್ಪತ್ತೆರಡು ಸಾವಿರವನ್ನೇ ತಾಯಿ ನಮ್ಮ ಸಂಘದಲ್ಲಿ ಬಡ್ಡಿಗೆ ಎತ್ತುತ್ತಾಳೆ. ವಾರ ವಾರ ನಾವು ಕೂಡಿಟ್ಟ ಉಳಿತಾಯ ಅವನ ಬಾಕಿ ತೀರಿಸಲು ಹೋಗುತ್ತದೆ.

"ಏಜೆನ್ಸಿಯವನು ಓಡಿಹೋದರೆ?" ಎಂದು ಕೇಳಬಹುದು. ಇ.ಎಸ್.ಐ. ವಂತಿಗೆ ಕಟ್ಟುವ ಮೊದಲ ಹೊಣೆ ಮೂಲ ಮಾಲೀಕನದು, ಅಂದರೆ ಆಸ್ಪತ್ರೆಯದು, ಹಾಸ್ಟೆಲಿನದು, ಗಿರಣಿಯದು. ಕಟ್ಟಿದ್ದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಅವರಿಗೆ ಬಿಟ್ಟದ್ದು. "ನೀನು ಏಜೆನ್ಸಿಯವಳು" ಎಂದು ಕೈ ತೊಳೆದುಕೊಳ್ಳಲು ಅವರಿಗೆ ದಾರಿಯಿಲ್ಲ.

ನ್ಯಾಯಾಲಯವೂ ಇದನ್ನು ಹೇಳಿದೆ. ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರ ಪ್ರಕರಣದಲ್ಲಿ, ಕಾಯಂ ಅಲ್ಲದವರಿಗೂ ಹೆರಿಗೆ ಸೌಲಭ್ಯ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ದಿನ 2000ದ ಮಾರ್ಚ್ 8, ನಮ್ಮ ಮಹಿಳಾ ದಿನ! 2023ರಲ್ಲಿ ಅದೇ ಕೋರ್ಟ್, ನಡುವೆ ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ನಿಲ್ಲುವುದಿಲ್ಲ ಎಂದಿತು. ವರ್ಷ ವರ್ಷ ಟೆಂಡರು ಬದಲಾಯಿತು ಎಂದು ಹೆಂಗಸರನ್ನು ಕೈಬಿಡುವವರು ಈ ತೀರ್ಪನ್ನು ಓದಬೇಕು.

ಆದರೂ ದೇವರು ಕೊಟ್ಟರೂ ಪೂಜಾರಿ ಕೊಡ. ಹೀಗೇಕೆ? ಇ.ಎಸ್.ಐ. ಇಲ್ಲದ ಕಡೆ ಪೂರ್ತಿ ಹಣ ಒಬ್ಬ ಮಾಲೀಕನ ಕಿಸೆಯಿಂದಲೇ ಹೋಗಬೇಕು. ಆದ್ದರಿಂದ ಹೊಟ್ಟೆ ಕಾಣುತ್ತಿದ್ದಂತೆ ಹೆಂಗಸನ್ನು ಹೊರಗೆ ಹಾಕುವುದೇ ಅವನಿಗೆ ಲಾಭ. ಬ್ರಿಟನ್ನಿನಲ್ಲೂ ಹೀಗೆ ನಡುವೆ ನಿಂತು ಸಂಬಳ ಹಂಚುವ ಕಂಪನಿಗಳಿವೆ, ಅವುಗಳನ್ನು ಕೊಡೆ ಕಂಪನಿ ಎನ್ನುತ್ತಾರೆ. ಅರ್ಹತೆ ಇರುವ ಹೆಂಗಸಿಗೆ ಆ ಕಂಪನಿಯೇ 39 ವಾರಗಳವರೆಗೆ ಹೆರಿಗೆ ವೇತನ ಕೊಡಬೇಕು. ಅದರ ಬಹುಪಾಲನ್ನು ಸರ್ಕಾರ ಕಂಪನಿಗೆ ಹಿಂದಿರುಗಿಸುತ್ತದೆ. ಹೆರಿಗೆಯ ಭಾರವನ್ನು ಸಮಾಜವೇ ಹೊರಬೇಕು ಎಂಬ ಮಾತು ನಮಗೆ ಹೊರಗಿನದಲ್ಲ. 1928ರಲ್ಲೇ ಬಾಬಾಸಾಹೇಬ ಅಂಬೇಡ್ಕರ್ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರವಾಗಿ ಮಾತನಾಡಿದ್ದರು.

ಕಾಯ್ದೆಯಲ್ಲಿ ದೊಡ್ಡ ತೂತೂ ಇದೆ. ಹತ್ತು ಜನರಿಗಿಂತ ಕಡಿಮೆ ಇರುವ ಕಡೆ ಅದು ಒಳಗೆ ಕಾಲಿಡುವುದಿಲ್ಲ. ಕತ್ತರಿಸುವುದು ಒಂದು ಶೆಡ್ಡಿನಲ್ಲಿ, ಹೊಲಿಯುವುದು ಇನ್ನೊಂದರಲ್ಲಿ, ತೊಳೆಯುವುದು ಮತ್ತೊಂದರಲ್ಲಿ, ದಾರ ಕತ್ತರಿಸುವುದು ಮನೆಯಲ್ಲಿ ಪೀಸಿನ ಲೆಕ್ಕದಲ್ಲಿ. ಹೀಗೆ ಹರಿದು ಹಂಚಿದ ಕೆಲಸದಲ್ಲಿ ಹತ್ತು ಜನರ ಲೆಕ್ಕ ಎಲ್ಲಿ ಸಿಗುತ್ತದೆ? ಮೆಣಸಿನಕಾಯಿ ಬಿಡಿಸಲು ಮೇಸ್ತ್ರಿಯ ಹಿಂದೆ ಹೋಗುವ ಕೂಲಿ ಹೆಣ್ಣುಮಕ್ಕಳಿಗೆ ಇರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಹಣ ಮಾತ್ರ. ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. ಆರು ತಿಂಗಳ ಕೂಲಿಗೆ ಇದು ಸಮವೇ? ಪ್ರತಿಯೊಬ್ಬ ಕೂಲಿ ಹೆಣ್ಣುಮಗಳಿಗೂ ಸಾಮಾಜಿಕ ವಿಮೆಯಿಂದಲೇ ಹೆರಿಗೆ ವೇತನ ಸಿಗಬೇಕು ಎಂಬುದು ನಮ್ಮ ಬೇಡಿಕೆಯಾಗಬೇಕು.

ಇನ್ನೊಂದು ಮಾತು. ಮಗು ಹುಟ್ಟಿದಾಗ ಸಂಪ್ರದಾಯದಂತೆ ಕೊಡುವುದು ವರದಕ್ಷಿಣೆಯ ವ್ಯಾಖ್ಯೆಗೆ ಬರುವುದಿಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ತೊಟ್ಟಿಲಿನ ಹೆಸರಿನಲ್ಲಿ ಸುಲಿಯುವವರನ್ನು ವರದಕ್ಷಿಣೆ ಕಾಯ್ದೆಯಿಂದ ಹಿಡಿಯುವುದು ಕಷ್ಟ. ಆದರೆ ದುಡ್ಡಿಗಾಗಿ ಪೀಡಿಸುವುದು, ಬಾಣಂತಿಗೆ ಖರ್ಚಿಗೆ ಕೊಡದಿರುವುದು 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಹಿಂಸೆಯೇ. ಅದನ್ನು ಬಳಸೋಣ. ಅದರ ಜೊತೆಗೆ ಅವಳ ಕೈಗೆ ಅವಳ ಸಂಬಳ ಬರುವಂತೆಯೂ ನೋಡಿಕೊಳ್ಳೋಣ. ಕೈಯಲ್ಲಿ ಸ್ವಂತ ದುಡ್ಡಿರುವ ಬಾಣಂತಿಗೆ ಎದ್ದು ಹೊರಡುವ ಧೈರ್ಯ ಇರುತ್ತದೆ.

ಗೆಳತಿಯರೇ, ಮುಂದಿನ ಸಭೆಯಲ್ಲಿ ಸಾಲದ ಅರ್ಜಿ ಓದುವ ಮೊದಲು ಒಂದು ಪ್ರಶ್ನೆ ಕೇಳಿ: ನಮ್ಮಲ್ಲಿ ಯಾರ ಮಗಳು, ಯಾರ ಸೊಸೆ ಏಜೆನ್ಸಿ ಕೆಲಸದಲ್ಲಿದ್ದಾಳೆ? ಅವಳ ಇ.ಎಸ್.ಐ. ಸಂಖ್ಯೆ ಬರೆದಿಡಿ. ಏಜೆನ್ಸಿ ಬದಲಾದರೂ ಆ ಸಂಖ್ಯೆ ಬದಲಾಗಬಾರದು. ಸಂಖ್ಯೆ ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಬ್ಯಾಂಕಿನ ಪಾಸ್‌ಬುಕ್, ತಾಯಿ ಕಾರ್ಡು ಒಂದು ಕಡೆ ಇಡಿ. ರಜೆಗೆ ಮೊದಲೇ ಗುತ್ತಿಗೆದಾರನಿಗೂ ಮೂಲ ಮಾಲೀಕನಿಗೂ ಒಂದೊಂದು ಅರ್ಜಿ ಕೊಟ್ಟು ಪ್ರತಿಯ ಮೇಲೆ ಸಹಿ ಪಡೆಯಿರಿ. ಅರ್ಜಿ ಕೊಡಲಾಗದಿದ್ದರೂ ಹಕ್ಕು ಹೋಗುವುದಿಲ್ಲ. ಒಪ್ಪದಿದ್ದರೆ ಬಳ್ಳಾರಿಯ ಕಾರ್ಮಿಕ ಇಲಾಖೆಗೆ ದೂರು ಬರೆಯಿರಿ. ಅವಳೊಬ್ಬಳನ್ನೇ ಕಳಿಸಬೇಡಿ, ಹತ್ತು ಜನ ಜೊತೆಗೆ ಹೋಗಿ. ಬಾಣಂತನದ ಸಾಲ ಕೊಡುವ ಮೊದಲು, ಅದು ನಿಜಕ್ಕೂ ಯಾರು ಕೊಡಬೇಕಾದ ದುಡ್ಡು ಎಂದು ಕೇಳುವುದು ನಮ್ಮ ಸಂಘದ ನಿಯಮವಾಗಲಿ.