ತೊಟ್ಟಿಲು ಬಿಟ್ಟ ಕೂಸಿಗೆ ಹಾಸಿಗೆ ಎಲ್ಲಿ?

ಧಾರವಾಡದ ಒಂದು ಮನೆ. ರಾತ್ರಿ ಎರಡೂವರೆಯ ಹೊತ್ತು. ಧೊಪ್ಪೆಂದು ಸದ್ದಾಯಿತು, ಮರುಕ್ಷಣವೇ ಮಗುವಿನ ಅಳು. ತಾಯಿ ದೀಪ ಹಾಕಿ ನೋಡಿದರೆ ಎರಡು ವರ್ಷ ಎರಡು ತಿಂಗಳ ಮಗಳು ತೊಟ್ಟಿಲಲ್ಲಿ ಇರಲಿಲ್ಲ. ಕೆಳಗೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಬೋರಲಾಗಿ ಬಿದ್ದಿದ್ದಳು. ನೋಡನೋಡುತ್ತಿದ್ದಂತೆ ಹಣೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬಾವು ಎದ್ದಿತು. ಅಜ್ಜಿ ತಣ್ಣೀರಿನ ಬಟ್ಟೆ ಒತ್ತಿ ಹಿಡಿದರು. ಬೆಳಗಿನವರೆಗೆ ಆ ಮನೆಯಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ವೈದ್ಯರು ಮಗುವನ್ನು ನೋಡಿ, ಗಾಬರಿಯಾಗುವಂಥದ್ದೇನೂ ಇಲ್ಲ ಎಂದರು. ಆದರೆ ಮುಂದಿನ ಒಂದೆರಡು ದಿನ ಕಣ್ಣಿಟ್ಟಿರಬೇಕಾದ ಕೆಲವು ಲಕ್ಷಣಗಳನ್ನು ಹೇಳಿದರು. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ನೀರು ಇಲ್ಲವೆ ರಕ್ತ, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ. ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಚಿಕ್ಕ ಮಕ್ಕಳಿರುವ ಪ್ರತಿ ಮನೆಯವರೂ ಇಷ್ಟನ್ನು ನೆನಪಿಟ್ಟುಕೊಂಡಿರುವುದು ಒಳ್ಳೆಯದು.

ಬಿದ್ದದ್ದು ಸಾಧಾರಣ ತೊಟ್ಟಿಲಿನಿಂದಲ್ಲ. ಅದು ಅಜ್ಜಿಯ ತವರಿನಿಂದ ಬಂದ ಕಲಘಟಗಿ ತೊಟ್ಟಿಲು. ಬದಿಯ ಹಲಗೆಗಳ ಮೇಲೆ ಅರಗಿನ ಬಣ್ಣದಲ್ಲಿ ಬಾಲಕೃಷ್ಣನ ಚಿತ್ರಗಳು, ನಾಲ್ಕು ಮೂಲೆಗೆ ಸರಪಳಿ. ಮಗುವಿನ ತಂದೆ, ದೊಡ್ಡಪ್ಪ, ದೊಡ್ಡಪ್ಪನ ಮಗ ಎಲ್ಲರೂ ಅದರಲ್ಲೇ ಮಲಗಿ ಬೆಳೆದವರು. ಸರಪಳಿಯ ಉದ್ದ ಒಂದೂವರೆ ಮೀಟರ್ ಇದ್ದರೆ ತೊಟ್ಟಿಲು ಒಮ್ಮೆ ಹೋಗಿ ಬರಲು ಸುಮಾರು ಎರಡೂವರೆ ಸೆಕೆಂಡು ಬೇಕು. ಒಳಗಿರುವುದು ಮೂರು ಕಿಲೋದ ಹಸುಗೂಸಾಗಲಿ, ಹನ್ನೆರಡು ಕಿಲೋದ ತುಂಟಿಯಾಗಲಿ, ಆ ಲಯ ಬದಲಾಗದು. ಲೋಲಕದ ಆವರ್ತ ಕಾಲವು ತೂಕವನ್ನಲ್ಲ, ಉದ್ದವನ್ನು ಅವಲಂಬಿಸಿದೆ ಎಂದು ಶಾಲೆಯಲ್ಲಿ ಕಲಿಯುವುದಕ್ಕೆ ಎಷ್ಟೋ ಮೊದಲೇ ಅಜ್ಜಿಯರ ಕೈಗೆ ಇದು ಗೊತ್ತಿತ್ತು.

ಬದಲಾಗುವುದು ಬೇರೆ ಒಂದು ಸಂಗತಿ. ಮಲಗಿದ ಕೂಸಿನ ಗುರುತ್ವ ಕೇಂದ್ರ ತೊಟ್ಟಿಲಿನ ಅಂಚಿಗಿಂತ ಎಷ್ಟೋ ಕೆಳಗಿರುತ್ತದೆ. ಅದೇ ಕೂಸು ಎದ್ದು ನಿಂತು ಅಂಚು ಹಿಡಿದು ಬಗ್ಗಿದರೆ ಗುರುತ್ವ ಕೇಂದ್ರ ಅಂಚಿನ ಮೇಲಕ್ಕೆ ಬರುತ್ತದೆ. ಆಚೆಗೆ ಸ್ವಲ್ಪ ವಾಲಿದರೂ ಸಾಕು, ಉಳಿದದ್ದನ್ನು ಭೂಮಿಯೇ ಮಾಡುತ್ತದೆ. ಚಿಕ್ಕ ಮಕ್ಕಳ ದೇಹದ ಅಳತೆಯೂ ಇದಕ್ಕೆ ಸಹಾಯಕ. ಹುಟ್ಟಿದ ಕೂಸಿನ ಉದ್ದದಲ್ಲಿ ತಲೆಯದೇ ಕಾಲು ಭಾಗ. ದೊಡ್ಡವರಲ್ಲಿ ಅದು ಸುಮಾರು ಎಂಟನೆಯ ಒಂದು ಭಾಗ. ಎರಡು ವರ್ಷದ ಮಗು ಇವೆರಡರ ನಡುವೆ ಎಲ್ಲೋ ಇರುತ್ತದೆ. ಅಂದರೆ ಅದು ಇನ್ನೂ ತಲೆಭಾರದ ಜೀವ. ಬಿದ್ದರೆ ತಲೆಯೇ ಮುಂದು.

ಹಾಗಾದರೆ ತೊಟ್ಟಿಲು ಬಿಡಿಸುವುದು ಯಾವಾಗ? ಪಂಚಾಂಗ ನೋಡಬೇಕಾಗಿಲ್ಲ, ಅಳತೆಯ ಟೇಪು ಸಾಕು. ನಾಲ್ಕು ಕಡೆ ಕಂಬಿ ಇರುವ ಮಗುವಿನ ಮಂಚಕ್ಕೆ ಒಂದು ರೂಢಿಯ ಲೆಕ್ಕವಿದೆ: ಹಾಸಿಗೆಯಿಂದ ಮೇಲಿನ ಕಂಬಿಯ ಎತ್ತರವು ಮಗುವಿನ ಎತ್ತರದ ಮುಕ್ಕಾಲು ಭಾಗಕ್ಕಿಂತ ಕಡಿಮೆಯಾಯಿತೆಂದರೆ ಅದರ ಕಾಲ ಮುಗಿಯಿತು. ಮಗು ಸುಮಾರು 90 ಸೆಂಟಿಮೀಟರ್ ಬೆಳೆದಾಗಲೂ ಅಷ್ಟೆ. ತೂಗುವ ತೊಟ್ಟಿಲಿಗೆ ಬದಿಗಳೇ ಗಿಡ್ಡ. ಅದರಲ್ಲಿ ಮಗು ತಾನಾಗಿ ಎದ್ದು ಕೂರಲು ಕಲಿತ ದಿನದಿಂದಲೇ ಎಚ್ಚರ ಬೇಕು. ಈ ಮನೆಯಲ್ಲಿ ಅದು ಎರಡು ವರ್ಷ ನಡೆದದ್ದು, ನಿಜ ಹೇಳಬೇಕೆಂದರೆ, ಅದೃಷ್ಟ.

ಇನ್ನೊಂದು ಕಾರಣವೂ ಇತ್ತು. ಇನ್ನು ನಾಲ್ಕು ತಿಂಗಳಲ್ಲಿ ಮನೆಗೆ ಮತ್ತೊಂದು ಕೂಸು ಬರುವುದಿತ್ತು. ತೊಟ್ಟಿಲು ಹೇಗೂ ತೆರವಾಗಬೇಕು. ನಮ್ಮ ಕಡೆ ಸಾಮಾನ್ಯವಾಗಿ ಮಗು ತೊಟ್ಟಿಲಿನಿಂದ ತಾಯಿಯ ಮಗ್ಗುಲಿಗೆ ಬರುತ್ತದೆ. ಬಾಣಂತಿಯ ಮಗ್ಗುಲಲ್ಲಿ ಹಸುಗೂಸಿದ್ದಾಗ ಅದೂ ಆಗದು.

ತಂದೆ ಮಂಚ ಕೊಳ್ಳಲು ಹೊರಟರು. ಒಂಬತ್ತನೆಯ ತರಗತಿಯಲ್ಲಿರುವ ಅಣ್ಣನ ಮಗ ಜೊತೆಗೆ ಬಂದ. ಹೊರಡುವಾಗ ಅಜ್ಜಿ, “ನೆಲದ ಮ್ಯಾಲ ಗಾದಿ ಹಾಸ್ರಿ. ನೆಲದ ಮ್ಯಾಲ ಮಲಗಿದ ಕೂಸು ಇನ್ನೆಲ್ಲಿಗೆ ಬೀಳತೈತಿ?” ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಂಗಡಿಯಲ್ಲಿ ಕಾರಿನ ಆಕಾರದ ಮಂಚವಿತ್ತು, ಗುಲಾಬಿ ಬಣ್ಣ ಬಳಿದದ್ದಿತ್ತು, ಕೆಳಗೆ ಬಟ್ಟೆ ಇಡುವ ಖಾನೆಗಳಿದ್ದ ಪೆಟ್ಟಿಗೆ ಮಂಚವಿತ್ತು. ತಂದೆಯ ಮನಸ್ಸು ಪೆಟ್ಟಿಗೆ ಮಂಚದ ಮೇಲೆ ನಿಂತಿತು. ಹುಡುಗ ಮಾತ್ರ, “ಕಾಕಾ, ಇದರ ಎತ್ತರ ಎಷ್ಟೈತಿ ಕೇಳ್ರಿ” ಎಂದ. ಗಾದಿ ಸೇರಿ ಎರಡಡಿ ಎಂದರು ಅಂಗಡಿಯವರು. ಎರಡಡಿ ಅಂದರೆ ಸುಮಾರು 60 ಸೆಂಟಿಮೀಟರ್. ಹುಡುಗ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದ.

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೂ ಮಾಡಿ ನೋಡಬಹುದು. ಬೀಳುವ ವಸ್ತುವಿನ ವೇಗದ ವರ್ಗವು ಎರಡು ಪಟ್ಟು ಗುರುತ್ವ ವೇಗೋತ್ಕರ್ಷವನ್ನು ಎತ್ತರದಿಂದ ಗುಣಿಸಿದಷ್ಟು. 60 ಸೆಂಟಿಮೀಟರ್ ಎತ್ತರದಿಂದ ಬಿದ್ದದ್ದು ನೆಲ ಮುಟ್ಟುವಾಗ ಸೆಕೆಂಡಿಗೆ 3.4 ಮೀಟರ್, ಅಂದರೆ ಗಂಟೆಗೆ ಸುಮಾರು 12 ಕಿಲೋಮೀಟರ್ ವೇಗದಲ್ಲಿರುತ್ತದೆ. ನಿಧಾನವಾಗಿ ಹೋಗುವ ಸೈಕಲ್ಲಿನ ವೇಗ ಅದು. ತಗಲುವ ಕಾಲ ಒಂದು ಸೆಕೆಂಡಿನ ಮೂರನೆಯ ಒಂದು ಭಾಗ. ಪಕ್ಕದಲ್ಲೇ ಮಲಗಿದ ತಾಯಿ ಎಷ್ಟೇ ಚುರುಕಿನವಳಾದರೂ ಅಷ್ಟರಲ್ಲಿ ಎಚ್ಚೆತ್ತು ಕೈ ಚಾಚಲಾರಳು. ಮಂಚದ ಎತ್ತರವನ್ನು 15 ಸೆಂಟಿಮೀಟರಿಗೆ ಇಳಿಸಿದರೆ ವೇಗ ಅರ್ಧಕ್ಕಿಳಿಯುತ್ತದೆ. ಎತ್ತರ ಕಾಲುಭಾಗವಾದ್ದರಿಂದ ಪೆಟ್ಟಿನ ಶಕ್ತಿಯೂ ಕಾಲುಭಾಗ: ಹನ್ನೆರಡು ಕಿಲೋದ ಮಗುವಿಗೆ 70 ಜೂಲ್ ಇದ್ದದ್ದು 18ಕ್ಕೆ ಬರುತ್ತದೆ. ಮಗು ಕಲ್ಲಿನಂತೆ ನೇರವಾಗಿ ಬೀಳದೆ ಉರುಳಿ ಜಾರುವುದರಿಂದ ನಿಜದ ಅಂಕಿಗಳು ಬೇರೆಯಾಗಬಹುದು, ಆದರೆ ಹೋಲಿಕೆ ಸುಳ್ಳಾಗದು.

ಎತ್ತರಕ್ಕಿಂತಲೂ ಹೆಚ್ಚು ಪರಿಣಾಮ ಮಾಡುವುದು ಬಿದ್ದ ಜಾಗ. ಬಿದ್ದ ದೇಹ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದೇ ಪೆಟ್ಟಿನ ಅಳತೆ. ಕಲ್ಲಿನ ನೆಲ ತಗ್ಗುವುದಿಲ್ಲ. 60 ಸೆಂಟಿಮೀಟರ್ ಬಿದ್ದದ್ದು ಅರ್ಧ ಸೆಂಟಿಮೀಟರಿನಲ್ಲಿ ನಿಂತಿತು ಎಂದಿಟ್ಟುಕೊಂಡರೆ ಅದಕ್ಕೆ ತಗಲುವ ಸರಾಸರಿ ಅವವೇಗೋತ್ಕರ್ಷ ಗುರುತ್ವದ 120 ಪಟ್ಟು. ಅದೇ 15 ಸೆಂಟಿಮೀಟರ್ ಎತ್ತರದಿಂದ ಬಿದ್ದು, ಮೆತ್ತನೆಯ ಹಾಸಿನ ಮೇಲೆ ಐದು ಸೆಂಟಿಮೀಟರ್ ತಗ್ಗಿ ನಿಂತರೆ ಮೂರು ಪಟ್ಟು ಮಾತ್ರ. 120 ಎಲ್ಲಿ, ಮೂರು ಎಲ್ಲಿ! ಸಾವಿರಾರು ರೂಪಾಯಿಯ ಮಂಚ ಕೊಡಲಾರದ ರಕ್ಷಣೆಯನ್ನು ಮಂಚದ ಪಕ್ಕ ನಾಲ್ಕು ಮಡಿಕೆ ಮಾಡಿ ಹಾಸಿದ ಹಳೆಯ ಕೌದಿಗಳು ಕೊಡುತ್ತವೆ.

“ಆಯಿ ಹೇಳಿದ್ದು ಖರೇ ಐತಿ ಕಾಕಾ” ಎಂದ ಹುಡುಗ. ಅಂಗಡಿಯವರ ಮುಖ ಸಪ್ಪಗಾಯಿತು.

ಬೀಳದಂತೆ ಬದಿಗೆ ಅಡ್ಡಪಟ್ಟಿ ಕಟ್ಟಿದರಾಗದೆ ಎಂದು ಕೆಲವರು ಕೇಳಬಹುದು. ಇಲ್ಲಿ ಬೀಳುವುದಕ್ಕಿಂತ ದೊಡ್ಡ ಅಪಾಯ ಅಡಗಿದೆ. ಮಗುವಿನ ದೇಹದಲ್ಲಿ ತಲೆಯೇ ದಪ್ಪ ಭಾಗ. ಕಾಲು, ಸೊಂಟ, ಎದೆ ಎಲ್ಲ ಅದಕ್ಕಿಂತ ಸಣ್ಣ. ನಿದ್ದೆಯಲ್ಲಿ ಹೊರಳುವ ಮಗುವಿನ ಕಾಲು ಮೊದಲು ಸಂದಿಗೆ ಹೋಗುತ್ತದೆ, ಸೊಂಟ ನುಸುಳುತ್ತದೆ, ಮೈಯೆಲ್ಲ ಕೆಳಗಿಳಿದ ಮೇಲೆ ತಲೆ ಸಿಕ್ಕಿಬೀಳುತ್ತದೆ. ಆಗ ಅಳುವುದಕ್ಕೂ ಉಸಿರು ಇರುವುದಿಲ್ಲ. ಬಿದ್ದ ಮಗು ಅತ್ತು ಮನೆಯವರನ್ನು ಎಬ್ಬಿಸುತ್ತದೆ, ಸಿಕ್ಕಿಕೊಂಡ ಮಗು ಎಬ್ಬಿಸದು. ಇದನ್ನು ತಿಳಿದೇ ಅಮೆರಿಕದಲ್ಲಿ 1970ರ ದಶಕದಿಂದ ಮಗುವಿನ ಮಂಚದ ಕಂಬಿಗಳ ನಡುವಿನ ಅಂತರ 6 ಸೆಂಟಿಮೀಟರಿಗಿಂತ ಹೆಚ್ಚಿರಕೂಡದು ಎಂಬ ನಿಯಮ ಬಂತು. ಒಂದು ಬದಿ ಕೆಳಗೆ ಜಾರುವಂತೆ ಮಾಡಿದ ಮಂಚಗಳ ಬದಿ ಕಳಚಿಕೊಂಡು ಸಂದಿಯಾಗುತ್ತಿದ್ದುದರಿಂದ ಅವುಗಳ ಮಾರಾಟವನ್ನೇ 2011ರಲ್ಲಿ ಅಲ್ಲಿ ನಿಲ್ಲಿಸಲಾಯಿತು. ನಮ್ಮ ಮನೆಗಳಲ್ಲಿ ಅಜ್ಜನ ಕಾಲದ ಕಂಬಿ ಮಂಚವನ್ನು ಅಟ್ಟದಿಂದ ಇಳಿಸಿ ಬಣ್ಣ ಬಳಿದು ಬಳಸುವುದುಂಟು. ಬಣ್ಣಕ್ಕೆ ಮೊದಲು ಕಂಬಿಗಳ ಅಂತರ ಅಳೆಯಬೇಕು.

ಗಾದಿಗೂ ಚೌಕಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗವಿರಬಾರದು. ಅಡ್ಡಪಟ್ಟಿ ಕಟ್ಟಿದ್ದರೆ ಗಾದಿಯನ್ನು ಕೈಯಿಂದ ಬಲವಾಗಿ ಒತ್ತಿ ನೋಡಬೇಕು. ಒತ್ತಿದಾಗ ಸಂದಿ ತೆರೆದುಕೊಂಡರೆ ಆ ಪಟ್ಟಿ ಬೇಡ. ಗೋಡೆಯದೂ ಇದೇ ಮಾತು. ಒಂದು ಬದಿ ಗೋಡೆ ಇದ್ದರೆ ಭದ್ರ ಎಂದು ಮಂಚವನ್ನು ಅತ್ತ ಸರಿಸುತ್ತಾರೆ, ನಯವಾದ ನೆಲದ ಮೇಲೆ ಅದು ದಿನಕ್ಕಿಷ್ಟು ಈಚೆಗೆ ಜಾರಿ ಗೋಡೆಯ ಬದಿಯಲ್ಲಿ ಬಿಲ ತೋಡಿರುತ್ತದೆ. ಒಂದೋ ಮಂಚ ಗೋಡೆಗೆ ಒತ್ತಿ ಅಲುಗದಂತಿರಬೇಕು, ಇಲ್ಲವೇ ಗೋಡೆಯಿಂದ ಧಾರಾಳವಾಗಿ ದೂರವಿರಬೇಕು. ಒಂದರ ಮೇಲೊಂದಿರುವ ಮಂಚದ ಮೇಲಿನ ಅಂತಸ್ತಂತೂ ಆರು ವರ್ಷದೊಳಗಿನ ಮಕ್ಕಳಿಗೆ ಸಲ್ಲದು.

ಗಾದಿ ಯಾವುದು? ಎರಡು ವರ್ಷದ ಮಗುವಿಗೆ ಹೂತುಹೋಗುವಂಥ ಸ್ಪಂಜು ಬೇಡ. ಸಮನಾಗಿ, ಸ್ವಲ್ಪ ಗಟ್ಟಿಯಾಗಿರಬೇಕು. ತೆಂಗಿನ ನಾರಿಗೆ ರಬ್ಬರಿನ ಹಾಲು ಸಿಂಪಡಿಸಿ ಒತ್ತಿದ ಗಾದಿ ಗಟ್ಟಿ, ಗಾಳಿಯೂ ಆಡುತ್ತದೆ. ಅರಳೆಯ ಗಾದಿ ಅಗ್ಗ, ಮೈಗೆ ಹಿತ. ಆದರೆ ಮಗು ಒದ್ದೆ ಮಾಡಿದರೆ ಅರಳೆ ಗಂಟುಕಟ್ಟುತ್ತದೆ, ಮಳೆಗಾಲದಲ್ಲಿ ಒಣಗಿಸುವುದೇ ಕಷ್ಟ. ಗಾದಿಯ ಮೇಲೆ ರಬ್ಬರ್ ಹಾಳೆ, ಅದರ ಮೇಲೆ ದಪ್ಪ ಹತ್ತಿಯ ಬಟ್ಟೆ ಹಾಸಿದರೆ ಸರಿ. ದಿಂಬು ಇಲ್ಲದಿದ್ದರೂ ನಡೆಯುತ್ತದೆ, ಇಟ್ಟರೆ ತೆಳ್ಳಗಿನದು.

ಇಷ್ಟಾದ ಮೇಲೆ ಅಜ್ಜಿಯ ಮಾತೇ ಅಂತಿಮವೇ? ಪೂರ್ತಿ ಅಲ್ಲ. ಧಾರವಾಡದ ಮಳೆಗಾಲ ಬಲ್ಲವರಿಗೆ ಕಾರಣ ಗೊತ್ತು. ಮಲಗಿದವರ ಬೆವರಿನ ಆವಿ ಗಾದಿಯೊಳಗೆ ಇಳಿಯುತ್ತದೆ. ಕೆಳಗೆ ತಣ್ಣನೆಯ ಕಲ್ಲು ಸಿಕ್ಕಾಗ ಹುಲ್ಲಿನ ಮೇಲೆ ಇಬ್ಬನಿ ಕೂಡುವಂತೆ ಅಲ್ಲಿ ನೀರಾಗಿ ಕೂಡುತ್ತದೆ. ಗಾದಿಯನ್ನು ಪ್ರತಿದಿನ ಎತ್ತಿ ನಿಲ್ಲಿಸದಿದ್ದರೆ ಅಡಿಭಾಗಕ್ಕೆ ಬೂಷ್ಟು ಹಿಡಿಯುತ್ತದೆ. ಇರುವೆ, ಜಿರಲೆ, ಹಳೆಯ ಮನೆಯಾದರೆ ಚೇಳಿನ ಭಯ ಬೇರೆ. ನೆಲಕ್ಕೆ ಹತ್ತಿರವಿರಬೇಕು, ಆದರೆ ಅಡಿಯಲ್ಲಿ ಗಾಳಿ ಆಡಬೇಕು.

ಅಂಗಡಿಯಲ್ಲಿ ಸಿಗದ ಅಂಥ ಮಂಚ ಕೊನೆಗೆ ಮನೆಯ ಅಟ್ಟದಲ್ಲೇ ಸಿಕ್ಕಿತು. ಯಾರೂ ಬಳಸದೆ ಬಿದ್ದಿದ್ದ, ಪಟ್ಟಿ ಹೊಡೆದ ಹಳೆಯ ಒಂಟಿ ಮಂಚ. ಬಡಗಿಯನ್ನು ಕರೆಸಿ ಕಾಲು ಕತ್ತರಿಸಿದರು, ಮೂಲೆಗಳನ್ನು ದುಂಡಗೆ ಉಜ್ಜಿಸಿದರು, ಎದ್ದ ಮೊಳೆಗಳನ್ನು ಬಡಿಸಿದರು. ಗಾದಿ ಸೇರಿ ಎತ್ತರ ಹದಿನೈದು ಸೆಂಟಿಮೀಟರ್. ಮಗುವಿಗೆ ಆರಡಿ ಉದ್ದದ ಮಂಚ ಯಾಕೆ ಎಂದು ದೊಡ್ಡಪ್ಪ ನಕ್ಕರು. ಮನುಷ್ಯ ಎರಡು ವರ್ಷಕ್ಕೆ ತನ್ನ ಪೂರ್ಣ ಎತ್ತರದ ಸುಮಾರು ಅರ್ಧ ಬೆಳೆದಿರುತ್ತಾನೆ. ಈಗಿನ ಅಳತೆಗೆ ಕೊಂಡದ್ದು ನಾಲ್ಕಾರು ವರ್ಷದಲ್ಲಿ ಅಟ್ಟ ಸೇರುತ್ತದೆ. ಅದಕ್ಕಿಂತ ಇದು ಜಾಣತನ.

ಕೋಣೆಯ ಕೆಲಸ ಇನ್ನೂ ಉಳಿದಿತ್ತು. ತೊಟ್ಟಿಲು ಹಾಸಿಗೆಯೂ ಹೌದು, ಬೇಲಿಯೂ ಹೌದು. ಬೇಲಿ ಹೋದ ಮೇಲೆ ನಡುರಾತ್ರಿ ಎದ್ದ ಮಗುವಿಗೆ ಇಡೀ ಮನೆಯೇ ಬಯಲು. ಬಚ್ಚಲಿನ ಬಾಗಿಲಿಗೆ ಮಗುವಿನ ಕೈಗೆ ಎಟುಕದಂತೆ ಚಿಲಕ ಹಾಕಿಸಿದರು. ತಲೆಭಾರದ ಮಗು ತಲೆಕೆಳಗಾಗಿ ಬಿದ್ದರೆ ಅರ್ಧ ಬಕೆಟ್ ನೀರೂ ಮುಳುಗಿಸಲು ಸಾಕು. ಹತ್ತಿದರೆ ಮುಗ್ಗರಿಸುವಂತಿದ್ದ ಕಪಾಟನ್ನು ಗೋಡೆಗೆ ಬಿಗಿದರು, ಕೆಳಗಿನ ಪ್ಲಗ್ಗುಗಳನ್ನು ಮುಚ್ಚಿದರು. ಕಿಟಕಿಯ ಪರದೆಯ ಹಗ್ಗವನ್ನು ಮೇಲಕ್ಕೆ ಸುತ್ತಿ ಕಟ್ಟಿದರು. ಮಂಚವನ್ನು ಹಾಕಿದ್ದು ಬೇರೆ ಕೋಣೆಯಲ್ಲಲ್ಲ, ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ. ಬೇರೆ ಹಾಸಿಗೆ ಎಂದರೆ ಬೇರೆ ಕೋಣೆ ಎಂದು ಯಾವ ವಿಜ್ಞಾನವೂ ಹೇಳಿಲ್ಲ.

ತಾಯಿಗಿದ್ದ ಚಿಂತೆ ಬೇರೆ. ತಮ್ಮನೋ ತಂಗಿಯೋ ಬಂದು ತನ್ನ ಜಾಗ ಕಿತ್ತುಕೊಂಡಿತು ಎಂದು ಮಗುವಿಗೆ ಅನ್ನಿಸಬಾರದು. ಅದಕ್ಕೆಂದೇ ಹೆರಿಗೆಗೆ ಮೂರು ತಿಂಗಳಿರುವಾಗಲೇ ಹಾಸಿಗೆ ಬದಲಾಯಿತು. ತೊಟ್ಟಿಲನ್ನು ಬಿಚ್ಚಿ ಕಣ್ಣಿಗೆ ಕಾಣದಂತೆ ಇಟ್ಟರು. ಅದರಲ್ಲಿದ್ದ ಚಿಕ್ಕ ಕೌದಿ ಮಾತ್ರ ಹೊಸ ಮಂಚಕ್ಕೆ ಬಂತು. ಮಲಗಿಸುವ ಹೊತ್ತು, ಅಜ್ಜಿಯ ಕತೆ ಯಾವುದೂ ಬದಲಾಗಲಿಲ್ಲ. ಈ ವಯಸ್ಸಿನ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರು ತುಂಬಿದ ಮೇಲೆ 10ರಿಂದ 13 ಗಂಟೆ ನಿದ್ದೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹೊಸ ಹಾಸಿಗೆಯ ಮೊದಲ ವಾರ ಅದು ಕೂಡಿಬರುವುದಿಲ್ಲ. ಇಲ್ಲಿಯೂ ಬರಲಿಲ್ಲ. ಮೊದಲ ರಾತ್ರಿ ಮಗು ಐದು ಸಲ ಎದ್ದು ಬಂತು, ಐದು ಸಲವೂ ಅಜ್ಜಿ ಗದರದೆ ಕರೆದುಕೊಂಡು ಹೋಗಿ ಮಲಗಿಸಿದರು.

ನಾಲ್ಕನೆಯ ರಾತ್ರಿ ಯಾವಾಗಲೋ ಅದು ಮಂಚದಿಂದ ಉರುಳಿತು. ಸದ್ದಾಗಲಿಲ್ಲ, ಯಾರಿಗೂ ಎಚ್ಚರವಾಗಲಿಲ್ಲ. ಬೆಳಿಗ್ಗೆ ತಾಯಿ ಬಂದು ನೋಡಿದಾಗ ಮಗು ಕೆಳಗಿನ ಕೌದಿಗಳ ಮೇಲೆ ಒಂದು ಕಾಲು ಮಡಿಚಿ, ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು.