ಗುಜರಿಗೆ ಹಾಕೋ ಮುಂಚೆ ಒಮ್ಮೆ ಓದಿ ನೋಡೋಣ

ಈ ಸಲ ರಜೆಗೆ ಊರಿಗೆ ಹೋದಾಗ ಟಿವಿ ಸ್ಟ್ಯಾಂಡಿನ ಕೆಳಗಿನ ಡ್ರಾಯರ್ ಒಮ್ಮೆ ಎಳೆದು ನೋಡಿ. ಕೆಟ್ಟ ರಿಮೋಟು, ಯಾವ ಫೋನಿಗೂ ಹೊಂದದ ಚಾರ್ಜರು, ಅದರಡಿ ಜಿಪ್ ಹಾಳಾದ ಒಂದು ಸಿಡಿ ಪೌಚು ಸಿಗಬಹುದು. ಪೌಚಿನಲ್ಲಿ ನಾಲ್ಕೈದು ಸಿನಿಮಾ, ಒಂದಿಷ್ಟು ಭಕ್ತಿಗೀತೆ, ಜೊತೆಗೆ ಮಾರ್ಕರ್ ಪೆನ್ನಿನಲ್ಲಿ 'ಮದುವೆ, ಭಾಗ 2' ಅಂತ ಬರೆದ ಒಂದು ಡಿಸ್ಕ್. ಭಾಗ 1 ಎಲ್ಲಿ ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲ್ಲ. ಪ್ಲೇಯರ್ ಕೆಟ್ಟು ಎಷ್ಟೋ ವರ್ಷ ಆಗಿರುತ್ತೆ. ಮುಂದಿನ ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ ಇದೆಲ್ಲ ಗುಜರಿಯವರ ಚೀಲ ಸೇರುತ್ತೆ.

ಹಾಗಾಗೋಕೆ ಬಿಡಬಾರದು ಅನ್ನೋದು ನಮ್ಮ ವಾದ. ನಾವು ಅಂದರೆ ಹಾಸ್ಟೆಲಿನ ಒಂದೇ ರೂಮಿನ ಮೂವರು: ಒಬ್ಬ ಇಸಿ, ಒಬ್ಬ ಸಿಎಸ್, ಒಬ್ಬ ಮೆಕ್ಯಾನಿಕಲ್. ಹಳೇ ವಿಡಿಯೋ ಡಿಸ್ಕ್‌ಗಳನ್ನ ಕೂಡಿಸಿಟ್ಟು, ಅವು ಹೇಗೆ ಕೆಲಸ ಮಾಡ್ತವೆ ಅಂತ ನೋಡೋದು ಒಂದು ವರ್ಷದಿಂದ ನಮ್ಮ ಹವ್ಯಾಸ. 'ಎಲ್ಲಾ ಫೋನಲ್ಲೇ ಸಿಗುವಾಗ ಈ ಕಸ ಯಾಕ್ರೋ?' ಅಂತ ಕಾರಿಡಾರಿನಲ್ಲಿ ಕೇಳ್ತಾನೇ ಇರ್ತಾರೆ. ಇಲ್ಲಿ ಉತ್ತರ ಕೊಡ್ತಿದ್ದೇವೆ.

ಮೊದಲನೇ ಕಾರಣ ಇಂಜಿನಿಯರಿಂಗ್. ಹೊಳೆಯುವ ಡಿಸ್ಕ್ ಅಂದರೆ ಡಿಜಿಟಲ್ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಆದರೆ ಮನೆಗಳಿಗೆ ಬಂದ ಮೊದಲ ಲೇಸರ್ ವಿಡಿಯೋ ಡಿಸ್ಕ್‌ನಲ್ಲಿ ಚಿತ್ರ ಡಿಜಿಟಲ್ ಅಲ್ಲ. 1978ರ ಡಿಸೆಂಬರ್‌ನಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಮಾರಾಟಕ್ಕೆ ಬಂದ ಲೇಸರ್‌ಡಿಸ್ಕ್ 30 ಸೆಂಟಿಮೀಟರ್ ಅಗಲದ್ದು, ಹೆಚ್ಚು ಕಡಿಮೆ ನಮ್ಮ ಮೆಸ್ಸಿನ ತಟ್ಟೆಯಷ್ಟು. ಅದರಲ್ಲೂ ಸಿಡಿಯ ಹಾಗೆ ಗುಳಿಗಳಿವೆ. ಆದರೆ ಆ ಗುಳಿಗಳಲ್ಲಿ ಸೊನ್ನೆ, ಒಂದು ಅನ್ನೋ ಲೆಕ್ಕವಿಲ್ಲ. ಟಿವಿ ಸಿಗ್ನಲ್ಲನ್ನ ಎಫ್ಎಂ ಮಾಡಿ, ಆ ಅಲೆಯನ್ನೇ ಗುಳಿಗಳ ಉದ್ದ ಮತ್ತು ಅಂತರವಾಗಿ ಅಚ್ಚೊತ್ತಿದ್ದಾರೆ. ಅಮೆರಿಕ, ಜಪಾನಿನಲ್ಲಿ ನಡೆಯುತ್ತಿದ್ದ ಎನ್‌ಟಿಎಸ್‌ಸಿ ಡಿಸ್ಕ್‌ನಲ್ಲಿ ಅಚ್ಚ ಬಿಳುಪು ಅಂದರೆ 9.3 ಮೆಗಾಹರ್ಟ್ಸ್, ಸಿಂಕ್ ಪಲ್ಸಿನ ತುದಿ ಅಂದರೆ 7.6 ಮೆಗಾಹರ್ಟ್ಸ್. ಎಫ್ಎಂ ಅಂದರೆ ರೇಡಿಯೋ ಅಂತಷ್ಟೇ ತಿಳಿದಿದ್ದ ನಮಗೆ, ಅದನ್ನ ಪ್ಲಾಸ್ಟಿಕ್ ಮೇಲೆ ಒತ್ತಿಟ್ಟಿದ್ದಾರೆ ಅಂತ ಗೊತ್ತಾದ ದಿನ ರಾತ್ರಿ ಎರಡರವರೆಗೂ ಅದೇ ಮಾತು.

ಇನ್ನೊಂದು ಲೆಕ್ಕ ನೋಡಿ. ಲೇಸರ್‌ಡಿಸ್ಕ್‌ನ ಒಂದು ಬಗೆಯಲ್ಲಿ ಒಂದು ಸುತ್ತಿಗೆ ಸರಿಯಾಗಿ ಒಂದು ಫ್ರೇಮ್. ನಿಮಿಷಕ್ಕೆ 1800 ಸುತ್ತು, ಅಂದರೆ ಸೆಕೆಂಡಿಗೆ 30 ಸುತ್ತು, 30 ಫ್ರೇಮ್. ಒಂದು ಬದಿಗೆ 30 ನಿಮಿಷ, ಹಾಗಾಗಿ 54,000 ಫ್ರೇಮ್. ಚಿತ್ರವನ್ನ ಒಂದು ಕಡೆ ನಿಲ್ಲಿಸಬೇಕಾ? ಲೇಸರ್ ಮುಂದಿನ ಸುತ್ತಿಗೆ ಹೋಗದೆ ಅದೇ ಸುತ್ತನ್ನ ಮತ್ತೆ ಮತ್ತೆ ಓದಿದರೆ ಸಾಕು. ಫ್ರೇಮ್ ಇಟ್ಟುಕೊಳ್ಳೋಕೆ ಮೆಮೊರಿ ಚಿಪ್ಪೇ ಬೇಡ! ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ ಆ ಕೆಲಸವನ್ನ ಮೋಟಾರಿನ ಕೈಲಿ ಮಾಡಿಸಿದ್ದಾರೆ.

ಸೋತು ಹೋದ ಡಿಸ್ಕ್‌ಗಳಿಂದಲೂ ಕಲಿಯೋದು ಇದೆ. ಆರ್‌ಸಿಎ ಕಂಪನಿ 1964ರಲ್ಲಿ ಕೆಲಸ ಶುರು ಮಾಡಿ 1981ರಲ್ಲಿ ಮಾರುಕಟ್ಟೆಗೆ ತಂದ ಸಿಇಡಿ ಡಿಸ್ಕ್‌ನಲ್ಲಿ ಲೇಸರ್ರೇ ಇರಲಿಲ್ಲ. ಗ್ರಾಮಫೋನಿನ ಹಾಗೆ ಒಂದು ವಜ್ರದ ಸೂಜಿ. ಸೂಜಿಗೆ ಅಂಟಿಸಿದ ಸಣ್ಣ ಎಲೆಕ್ಟ್ರೋಡಿಗೂ ಕಾರ್ಬನ್ ಬೆರೆಸಿದ ಡಿಸ್ಕ್‌ಗೂ ನಡುವಿನ ಕೆಪಾಸಿಟೆನ್ಸ್ ಬದಲಾಗುವುದನ್ನೇ ಹಿಡಿದು ಸಿನಿಮಾ ತೋರಿಸುತ್ತಿತ್ತು. ಧೂಳು ಬಿದ್ದರೆ ಕೆಡುತ್ತೆ ಅಂತ ಡಿಸ್ಕನ್ನ ಕೈಯಲ್ಲಿ ಮುಟ್ಟುವ ಹಾಗೇ ಇರಲಿಲ್ಲ, ಕವಚದ ಸಮೇತ ಪ್ಲೇಯರಿಗೆ ತೂರಿಸಬೇಕಿತ್ತು. ಹದಿನೇಳು ವರ್ಷದ ಕೆಲಸ. 1984ರಲ್ಲಿ ಪ್ಲೇಯರ್ ತಯಾರಿಕೆ ನಿಂತಿತು. ಅಷ್ಟರಲ್ಲಿ ವಿಡಿಯೋ ಕ್ಯಾಸೆಟ್ ಬಂದು ಕೂತಿತ್ತು, ಅದರಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಕೂಡ ಮಾಡಬಹುದಿತ್ತು. ಒಳ್ಳೆಯ ಇಂಜಿನಿಯರಿಂಗ್ ತಡವಾಗಿ ಬಂದರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮ್ಮ ಮ್ಯಾನೇಜ್‌ಮೆಂಟ್ ಪೇಪರಿನಲ್ಲಿ ಇಲ್ಲ.

ಎರಡನೇ ಕಾರಣ ಇನ್ನೂ ದೊಡ್ಡದು. ಡಿಸ್ಕ್ ಸಾಯೋಕೆ ಮುಂಚೆ ಅದನ್ನ ಓದುವ ಯಂತ್ರ ಸಾಯುತ್ತೆ.

1086ರಲ್ಲಿ ಇಂಗ್ಲೆಂಡಿನ ರಾಜ ಊರೂರಿನ ಜಮೀನು, ಜನ, ದನಗಳ ಲೆಕ್ಕ ಬರೆಸಿದ. ಅದರ ಹೆಸರು ಡೂಮ್ಸ್‌ಡೇ ಬುಕ್. 900 ವರ್ಷ ತುಂಬಿದಾಗ, 1986ರಲ್ಲಿ, ಬಿಬಿಸಿ ಅದೇ ತರಹದ ಹೊಸ ದಾಖಲೆ ಮಾಡಿತು. ಶಾಲೆಯ ಮಕ್ಕಳೂ ಸೇರಿ ಹತ್ತು ಲಕ್ಷ ಜನ ತಮ್ಮ ಊರಿನ ಬಗ್ಗೆ ಬರೆದರು, ಫೋಟೋ ಕಳಿಸಿದರು. ಎಲ್ಲವನ್ನೂ ವಿಶೇಷ ಬಗೆಯ ಲೇಸರ್‌ಡಿಸ್ಕ್‌ನಲ್ಲಿ ತುಂಬಿಸಿದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನ ಓದಬಲ್ಲ ಪ್ಲೇಯರ್, ಕಂಪ್ಯೂಟರ್ ಹುಡುಕೋದೇ ಕಷ್ಟವಾಯಿತು. 900 ವರ್ಷದ ಚರ್ಮದ ಪುಸ್ತಕವನ್ನ ಈಗಲೂ ಓದಬಹುದು. ಹೊಸ ಡಿಸ್ಕನ್ನ ಬದುಕಿಸೋಕೆ ವಿಶ್ವವಿದ್ಯಾಲಯಗಳ ತಂಡವೇ ಕೂರಬೇಕಾಯಿತು.

ಆಮೇಲೆ ಹವ್ಯಾಸಿಗಳೂ ಕೈ ಹಾಕಿದರು. ಡೂಮ್ಸ್‌ಡೇ ಡೂಪ್ಲಿಕೇಟರ್ ಅಂತ ಒಂದು ಬೋರ್ಡ್ ಇದೆ, ಡಿಸೈನ್ ಎಲ್ಲರಿಗೂ ಮುಕ್ತ. ಪ್ಲೇಯರಿನ ಲೇಸರ್ ಹಿಡಿದ ಕಚ್ಚಾ ಸಿಗ್ನಲ್ಲನ್ನೇ ಸೆಕೆಂಡಿಗೆ 4 ಕೋಟಿ ಸಲ, 10 ಬಿಟ್‌ನಲ್ಲಿ ಸ್ಯಾಂಪಲ್ ಮಾಡಿ ಕಂಪ್ಯೂಟರಿಗೆ ಕೊಡುತ್ತೆ. ಲೆಕ್ಕ ಹಾಕಿದರೆ ಗಂಟೆಗೆ 180 ಜಿಬಿ. ಮುಂದಿನ ಡಿಮಾಡ್ಯುಲೇಷನ್ ಎಲ್ಲಾ ಎಲ್‌ಡಿ-ಡಿಕೋಡ್ ಅನ್ನೋ ಸಾಫ್ಟ್‌ವೇರ್‌ನದ್ದು. ಹಳೇ ಪ್ಲೇಯರಿನ ಸರ್ಕ್ಯೂಟಿಗಿಂತ ಇದೇ ಚೆನ್ನಾಗಿ ಚಿತ್ರ ತೆಗೆಯಬಲ್ಲದು. ಅಂದರೆ 1980ರ ದಶಕದಲ್ಲಿ ಒತ್ತಿದ ಡಿಸ್ಕ್‌ನಿಂದ, ಆಗಿನವರಿಗೇ ಕಾಣದಿದ್ದ ವಿವರ ಈಗ ಸಿಗುತ್ತೆ. ಯಾರೋ ಆ ಡಿಸ್ಕನ್ನ ಬಿಸಾಡದೆ ಇಟ್ಟುಕೊಂಡಿದ್ದರು ಅನ್ನೋ ಕಾರಣಕ್ಕೆ.

ಈ ಕೆಲಸ ನಮಗೆ ಹೊಸದೇನೂ ಅಲ್ಲ. ಬಿ.ಎಲ್. ರೈಸ್ ಊರೂರಿನ ಸಾವಿರಾರು ಶಾಸನಗಳನ್ನ ಓದಿಸಿ, ನಕಲು ಮಾಡಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಹಾಕಿಸಿದ್ದಕ್ಕೇ ನಮ್ಮ ಚರಿತ್ರೆಯ ಎಷ್ಟೋ ಭಾಗ ಇವತ್ತು ಓದೋಕೆ ಸಿಗುತ್ತೆ. ಕಲ್ಲು ಇದ್ದರೆ ಸಾಲದು, ಹೋಗಿ ಓದಿ ಬರೆದಿಡುವವರು ಬೇಕು. ಕಲ್ಲಾದರೆ ಸಾವಿರ ವರ್ಷ ಕಾಯುತ್ತೆ. ಡಿಸ್ಕ್ ಅಷ್ಟು ದಿನ ಕಾಯಲ್ಲ.

ಲೇಸರ್‌ಡಿಸ್ಕ್ ನಮ್ಮ ಊರಿನ ಮನೆಗಳಿಗೆ ಬಂದಿದ್ದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಮ್ಮ ಡಿಸ್ಕ್ ಅಂದರೆ ವಿಸಿಡಿ. 1993ರಲ್ಲಿ ಫಿಲಿಪ್ಸ್, ಸೋನಿ, ಮತ್ಸುಶಿತಾ, ಜೆವಿಸಿ ಸೇರಿ ಮಾಡಿದ ಫಾರ್ಮ್ಯಾಟ್ ಇದು. ನಮ್ಮ ಪಾಲ್ ಟಿವಿಗೆ ಚಿತ್ರದ ಅಳತೆ 352 ಇಂಟು 288. ಈಗಿನ ಫುಲ್ ಎಚ್‌ಡಿಗೆ ಹೋಲಿಸಿದರೆ ಇಪ್ಪತ್ತರಲ್ಲಿ ಒಂದು ಪಾಲು ಪಿಕ್ಸೆಲ್. ಒಂದು ಡಿಸ್ಕ್‌ಗೆ 74 ನಿಮಿಷ, ಅದಕ್ಕೇ ನಮ್ಮ ಸಿನಿಮಾಗಳು ಎರಡು ಮೂರು ಡಿಸ್ಕ್‌ಗಳಲ್ಲಿ ಬರ್ತಿದ್ದವು. ಫೈಟಿನ ಮಧ್ಯೆ ಎದ್ದು ಹೋಗಿ ಡಿಸ್ಕ್ ಬದಲಿಸಿದ ಕಥೆ ನಿಮ್ಮ ಅಣ್ಣಂದಿರನ್ನ ಕೇಳಿ, ಹೇಳ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸಿಡಿ ರಾಮ್‌ನ ಒಂದು ಸೆಕ್ಟರಿನಲ್ಲಿ 2048 ಬೈಟ್ ಡೇಟಾ ಇರುತ್ತೆ, ಜೊತೆಗೆ ತಪ್ಪು ತಿದ್ದೋಕೆ ಅಂತ ಇನ್ನೊಂದಿಷ್ಟು ಬೈಟ್. ವಿಸಿಡಿ ಮಾಡಿದವರು ಸಿನಿಮಾ ಹಿಡಿಸೋಕೆ ಆ ಜಾಗವನ್ನೂ ವಿಡಿಯೋಗೆ ಕೊಟ್ಟರು: ಸೆಕ್ಟರಿಗೆ 2324 ಬೈಟ್. 276 ಬೈಟ್ ಲಾಭ, ಆದರೆ ರಕ್ಷಣೆಯ ಒಂದು ಪದರ ಹೋಯಿತು. ಸಿಡಿಯ ತಳದಲ್ಲಿರುವ ಎರರ್ ಕರೆಕ್ಷನ್ ಮಾತ್ರ ಉಳಿಯಿತು. ಅದು ಟ್ರ್ಯಾಕಿನುದ್ದಕ್ಕೂ ಸುಮಾರು 2.5 ಮಿಲಿಮೀಟರ್ ಗೀರನ್ನ ತಡೆದುಕೊಳ್ಳುತ್ತೆ, ಅದಕ್ಕಿಂತ ಉದ್ದ ಆದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ. ನಮ್ಮ ಮನೆಗಳಲ್ಲಿ ಹೆಚ್ಚು ಇರುವ ಡಿಸ್ಕೇ ಹೆಚ್ಚು ನಾಜೂಕು.

2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ ಕೊಟ್ಟಾಗ ಅವು ಕಿರಾಣಿ ಅಂಗಡಿಯವರೆಗೂ ಬಂದವು. ಸಿನಿಮಾ ಅಷ್ಟೇ ಅಲ್ಲ. ಕಂಪನಿ ನಾಟಕ, ಯಕ್ಷಗಾನ, ಹರಿಕಥೆ, ಜಾತ್ರೆ ಎಲ್ಲವೂ ಡಿಸ್ಕ್ ಆದವು. ಅವುಗಳ ಜೊತೆಗೆ ಊರಿನ ಸ್ಟುಡಿಯೋದವರು ಮಾಡಿಕೊಟ್ಟ ಮದುವೆ, ನಾಮಕರಣ, ಗೃಹಪ್ರವೇಶ. ಇವು ಕಂಪನಿ ಒತ್ತಿದ ಡಿಸ್ಕ್ ಅಲ್ಲ, ಕಂಪ್ಯೂಟರಿನಲ್ಲಿ ಬರೆದ ಸಿಡಿ-ಆರ್. ಒತ್ತಿದ ಡಿಸ್ಕ್‌ನಲ್ಲಿ ಗುಳಿ ಪ್ಲಾಸ್ಟಿಕ್ಕಿನಲ್ಲೇ ಇರುತ್ತೆ, ಸಿಡಿ-ಆರ್‌ನಲ್ಲಿ ಒಂದು ತೆಳು ಬಣ್ಣದ ಪದರ ಮಾತ್ರ. ಬಿಸಿಲು, ಸೆಕೆಗೆ ಅದು ಮಾಸುತ್ತೆ.

ನಾವು ಊರಿನಿಂದ ತಂದ ಒಂದು ಶೂ ಬಾಕ್ಸ್ ಡಿಸ್ಕ್‌ಗಳಲ್ಲಿ ಒಂದು ನಾಮಕರಣ ಇತ್ತು. ಕ್ಯಾಮೆರಾದವರು ಅಡುಗೆ ಮನೆಗೆ ಹೋಗಿ ಮೈಕ್ ಆಫ್ ಮಾಡದೆ ನಿಂತಿದ್ದಾರೆ. ನಾಲ್ಕು ಹೆಂಗಸರು ಹೋಳಿಗೆ ತಟ್ಟುತ್ತಾ ಯಾರದೋ ಜಮೀನಿನ ಜಗಳ ಮಾತಾಡ್ತಿದ್ದಾರೆ. ಆರು ನಿಮಿಷ. ಅವರು ಬಳಸಿದ ಎಷ್ಟೋ ಮಾತು ನಮಗೆ ಅರ್ಥವಾಗಲಿಲ್ಲ. ಫೋನ್ ಮಾಡಿ ಅಜ್ಜಿಯನ್ನ ಕೇಳಬೇಕಾಯಿತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕನ್ನಡ ಅಂದರೆ ಪಠ್ಯಪುಸ್ತಕ ಮತ್ತು ಸಿನಿಮಾ. ಯಾರೂ ಕೇಳಿಸಿಕೊಳ್ತಿಲ್ಲ ಅಂದುಕೊಂಡು ಆಡಿದ ಆ ಕನ್ನಡ ಎರಡರಲ್ಲೂ ಇಲ್ಲ. ಆ ನಾಲ್ವರಲ್ಲಿ ಇಬ್ಬರು ಈಗಿಲ್ಲ. ಆ ಡಿಸ್ಕ್‌ಗೆ ಬೇರೆ ಕಾಪಿಯೂ ಇರಲಿಲ್ಲ.

'ಎಲ್ಲಾ ಯೂಟ್ಯೂಬಲ್ಲಿ ಇದೆ' ಅನ್ನುವವರಿಗೆ ನಮ್ಮ ಉತ್ತರ ಇದೇ. ಇದು ಯೂಟ್ಯೂಬಿನಲ್ಲಿ ಇಲ್ಲ. ಪುಣೆಯಲ್ಲಿ 1964ರಲ್ಲೇ ಶುರುವಾದ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಇದೆ, ಆದರೆ ನಿಮ್ಮ ಅತ್ತೆಯ ಮದುವೆ ಉಳಿಸೋದು ಅವರ ಕೆಲಸ ಅಲ್ಲ. ಅದು ನಮ್ಮ ನಿಮ್ಮ ಕೆಲಸ.

'ಬರೀ ನಾಸ್ಟಾಲ್ಜಿಯಾ' ಅಂತ ಕೆಲವರು ಮೂಗು ಮುರೀತಾರೆ. ವಿಸಿಡಿಯ ಉತ್ತುಂಗದ ಕಾಲಕ್ಕೆ ನಾವಿನ್ನೂ ತೊಟ್ಟಿಲಲ್ಲಿ ಇದ್ದೆವು ಅಥವಾ ಹುಟ್ಟಿರಲೇ ಇಲ್ಲ. ನೆನಪೇ ಇಲ್ಲದ ಮೇಲೆ ನಾಸ್ಟಾಲ್ಜಿಯಾ ಎಲ್ಲಿಂದ ಬರಬೇಕು? 'ಇದು ಪೈರಸಿ ಅಲ್ವಾ?' ಅನ್ನೋದು ಮಾತ್ರ ಸರಿಯಾದ ಪ್ರಶ್ನೆ. ನಮ್ಮ ದೇಶದಲ್ಲಿ ಸಿನಿಮಾದ ಕಾಪಿರೈಟ್ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಹಾಗಾಗಿ ಸಿನಿಮಾ ಡಿಸ್ಕ್‌ಗಳನ್ನ ಜೋಪಾನವಾಗಿ ಇಟ್ಟು ಪಟ್ಟಿ ಮಾಡೋಣ, ಯಾರೂ ಅಪ್‌ಲೋಡ್ ಮಾಡೋದು ಬೇಡ. ಮನೆಯ ಡಿಸ್ಕ್‌ಗಳನ್ನ ಮನೆಯವರ ಒಪ್ಪಿಗೆ ಕೇಳಿ ಕಾಪಿ ಮಾಡಿ, ಅವರಿಗೇ ವಾಪಸ್ ಕೊಡೋಣ.

ಮಾಡೋದು ಕಷ್ಟವೇನಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡು ಬಿರಿಯಾನಿ ದುಡ್ಡಿಗೆ ನಮಗೆ ಹಳೇ ಡಿವಿಡಿ ರೈಟರ್ ಸಿಕ್ಕಿತು, ಯುಎಸ್‌ಬಿ ಅಡಾಪ್ಟರ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿದೆವು. ಡಿಸ್ಕನ್ನ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಸುತ್ತಲೂ ಉಜ್ಜಬೇಡಿ; ಟ್ರ್ಯಾಕಿನುದ್ದಕ್ಕೂ ಗೀರು ಬಿದ್ದರೆ ತಿದ್ದೋಕಾಗಲ್ಲ. ಸಿಡಿಯಲ್ಲಿ ಡೇಟಾ ಇರೋದು ಲೇಬಲ್ಲಿಗೆ ತಾಗಿಕೊಂಡೇ, ಹಾಗಾಗಿ ಆ ಬದಿಯಲ್ಲಿ ಬಾಲ್ ಪೆನ್ನಿನಿಂದ ಬರೆಯಬೇಡಿ, ಸ್ಟಿಕ್ಕರ್ ಕೀಳಬೇಡಿ. ವಿಂಡೋಸ್‌ನಲ್ಲಾದರೆ ಎಂಪೆಗ್‌ಎವಿ ಫೋಲ್ಡರಿನ ಡಿಎಟಿ ಫೈಲ್ ಕಾಪಿ ಮಾಡಿಕೊಳ್ಳಿ, ವಿಎಲ್‌ಸಿಯಲ್ಲಿ ಓಡುತ್ತೆ. ಲಿನಕ್ಸ್‌ನಲ್ಲಿ ಮಾಮೂಲಿ ಕಾಪಿ ಆ 2324 ಬೈಟ್ ಸೆಕ್ಟರಿನಿಂದಾಗಿ ಎಡವಬಹುದು, ವಿಸಿಡಿ ಇಮೇಜರ್ ಹಾಕಿಕೊಳ್ಳಿ. 64 ಜಿಬಿ ಪೆನ್‌ಡ್ರೈವಿನಲ್ಲಿ ತುಂಬಿದ ಡಿಸ್ಕ್‌ಗಳು ಎಂಬತ್ತು ಹಿಡಿಸ್ತವೆ.

ಕನ್ನಡ ಸಂಘಕ್ಕೆ ನಮ್ಮ ಬೇಡಿಕೆ ಎರಡೇ. ಸಂಘದ ರೂಮಿನಲ್ಲಿ ಬಿಸಿಲು ಬೀಳದ ಒಂದು ಕಪಾಟು, ಮತ್ತು ಒಂದು ರಿಜಿಸ್ಟರ್: ಯಾವ ಡಿಸ್ಕ್, ಯಾವ ಊರು, ಯಾವ ವರ್ಷ, ಅದರಲ್ಲಿ ಯಾರಿದ್ದಾರೆ, ಇದನ್ನ ಹೇಳಬಲ್ಲವರು ಯಾರು. ಕೊನೆಯ ಕಾಲಂ ಮುಖ್ಯ. ಫೈಲ್ ಉಳಿದರೂ ಅದರಲ್ಲಿರುವವರು ಯಾರು ಅಂತ ಹೇಳುವವರು ಇಲ್ಲದಿದ್ದರೆ ಅರ್ಧ ಉಳಿದ ಹಾಗೆ.

ಸೆಮಿಸ್ಟರ್ ರಜೆ ಮುಗಿಸಿ ಬರುವಾಗ ಉಪ್ಪಿನಕಾಯಿ ಡಬ್ಬಿಯ ಜೊತೆ ನಾಲ್ಕು ಡಿಸ್ಕನ್ನೂ ಬಟ್ಟೆಯಲ್ಲಿ ಸುತ್ತಿ ತನ್ನಿ. ಪ್ರತಿ ಶನಿವಾರ ಸಂಜೆ ಡ್ರೈವ್ ಹಿಡಿದುಕೊಂಡು ನಾವು ಮೂವರೂ ಸಂಘದ ರೂಮಿನಲ್ಲಿ ಇರ್ತೀವಿ.